ಕಲ್ಲಿದ್ದಲಿನ ಒಳಹೊಕ್ಕ ರೋಸಲಿಂಡ್

ಲಂಡನ್ನಿನ ವಿಲ್ಸ್‌ಡನ್ ಯಹೂದಿ ಸ್ಮಶಾನದಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಸಮಾಧಿಯಿದೆ. ಅವರು ವಿಜ್ಞಾನಿ, ವೈರಸ್‌ಗಳ ಬಗ್ಗೆ ಅವರು ನಡೆಸಿದ ಸಂಶೋಧನೆ ಮನುಕುಲಕ್ಕೆ ಬಹುಕಾಲ ಉಪಕಾರಿ ಎಂಬರ್ಥದ ಮಾತು ಕಲ್ಲಿನ ಮೇಲಿದೆ. ಡಿಎನ್‌ಎ ಸುದ್ದಿಯೇ ಇಲ್ಲ. ನಾವಾದರೋ ಅವರನ್ನು ನೆನೆಯುವುದೇ ಡಿಎನ್‌ಎ ಕಾರಣಕ್ಕೆ, ಅದೂ ಅನ್ಯಾಯಕ್ಕೊಳಗಾದ ಹೆಣ್ಣುಮಗಳು ಎಂಬ ಮರುಕದಿಂದ. ಅನ್ಯಾಯ ಆದದ್ದು ನಿಜ. ಆದರೆ ಡಿಎನ್‌ಎ ಹಿಂದೆ ಕಳೆದ ಆ ಎರಡು ವರ್ಷಗಳನ್ನು ಲೆಕ್ಕಕ್ಕೇ ಹಿಡಿಯದಿದ್ದರೂ ಅವರು ದೊಡ್ಡ ವಿಜ್ಞಾನಿಯೇ.

1920ರ ಜುಲೈ 25ರಂದು ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದ ರೋಸಲಿಂಡ್, ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿನಲ್ಲಿ ಓದಿ, 1942ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಬಳಕೆ ಸಂಶೋಧನಾ ಸಂಘ ಸೇರಿದರು. ಯುದ್ಧದ ಕಾಲ. ಇಂಧನ ಉಳಿಸುವುದು ದೇಶದ ಅಳಿವು ಉಳಿವಿನ ಪ್ರಶ್ನೆ. ಕಲ್ಲಿದ್ದಲು ಕಣ್ಣಿಗೆ ಗಟ್ಟಿ ಬಂಡೆ, ಒಳಗೆ ಮಾತ್ರ ಅತಿ ಸೂಕ್ಷ್ಮ ರಂಧ್ರಗಳ ಸಂತೆ. ಅವುಗಳನ್ನು ಅಳೆಯುವುದು ಹೇಗೆ? ರೋಸಲಿಂಡ್ ಒಂದೇ ಕಲ್ಲಿದ್ದಲಿನ ಪುಡಿಯ ಸಾಂದ್ರತೆಯನ್ನು ಹೀಲಿಯಂ, ಮೆಥನಾಲ್, ಹೆಕ್ಸೇನ್, ಬೆಂಜೀನ್‌ಗಳಲ್ಲಿ ಬೇರೆ ಬೇರೆಯಾಗಿ ಅಳೆದರು. ಹೀಲಿಯಂ ತೀರ ಸಣ್ಣದು, ಎಲ್ಲ ಸಂದಿಗೂ ನುಗ್ಗುತ್ತದೆ. ಬೆಂಜೀನಿನ ದೊಡ್ಡ ಅಣು ಎಷ್ಟೋ ರಂಧ್ರಗಳ ಬಾಯಲ್ಲೇ ತಡೆದು ನಿಲ್ಲುತ್ತದೆ. ಅದು ತುಂಬದ ಜಾಗವೂ ಕಲ್ಲಿದ್ದಲಿನ ಗಾತ್ರಕ್ಕೇ ಸೇರುವುದರಿಂದ ಸಾಂದ್ರತೆ ಕಡಿಮೆ ಬರುತ್ತದೆ. ಈ ವ್ಯತ್ಯಾಸಗಳನ್ನೇ ಹಿಡಿದು ರಂಧ್ರದ ಬಾಯಿ ಎಷ್ಟು ಕಿರಿದು ಎಂದು ಅವರು ಅಂದಾಜಿಸಿದರು. ಕಲ್ಲಿದ್ದಲು ಅಣುಗಳನ್ನು ಗಾತ್ರ ನೋಡಿ ಒಳಬಿಡುವ ಜರಡಿ ಎಂದು ತೋರಿಸಿಕೊಟ್ಟರು. 1945ರಲ್ಲಿ ಕೇಂಬ್ರಿಜ್ ಅವರಿಗೆ ಪಿಎಚ್‌.ಡಿ. ಕೊಟ್ಟಿದ್ದು ಈ ಕೆಲಸಕ್ಕೆ. ಯಾವ ದುಬಾರಿ ಯಂತ್ರವೂ ಇಲ್ಲದೆ, ಬರೀ ಬುದ್ಧಿಯಿಂದ ಬಂಡೆಯ ಒಳಗನ್ನು ಕಂಡ ಈ ಪ್ರಯೋಗ ನನಗೆ ಅವರ ಎಲ್ಲ ಕೆಲಸಗಳಲ್ಲಿ ಅಚ್ಚುಮೆಚ್ಚು.

1947ರಲ್ಲಿ ಪ್ಯಾರಿಸ್‌ಗೆ ಹೋಗಿ ಝಾಕ್ ಮೆರಿಂಗ್ ಅವರಿಂದ ಎಕ್ಸ್‌ರೇ ವಿವರ್ತನೆಯ ವಿದ್ಯೆ ಕಲಿತು, ಅದನ್ನು ಇಂಗಾಲದ ಮೇಲೆ ಪ್ರಯೋಗಿಸಿದರು. ಕೆಲವು ಬಗೆಯ ಇಂಗಾಲ ಕಾಯಿಸಿದರೆ ಗ್ರಾಫೈಟ್ ಆಗುತ್ತದೆ, ಇನ್ನು ಕೆಲವು 3000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೂ ಆಗುವುದಿಲ್ಲ. ಎರಡನೆಯ ಬಗೆಯಲ್ಲಿ ಇಂಗಾಲದ ಪುಟ್ಟ ಪದರಗಳು ಮೊದಲೇ ಅಡ್ಡಾದಿಡ್ಡಿಯಾಗಿ ಒಂದಕ್ಕೊಂದು ಬಿಗಿದುಕೊಂಡುಬಿಡುತ್ತವೆ, ಆಮೇಲೆ ಸಾಲಾಗಿ ಜೋಡಿಸಿಕೊಳ್ಳಲಾರವು ಎಂದು 1951ರ ಲೇಖನದಲ್ಲಿ ಅವರು ವಿವರಿಸಿದರು. ಇಂದು ಸೋಡಿಯಂ ಅಯಾನ್ ಬ್ಯಾಟರಿಗೆ ಬಳಸುವ ‘ಹಾರ್ಡ್ ಕಾರ್ಬನ್’ ಈ ಎರಡನೆಯ ಜಾತಿಯದು. ಬ್ಯಾಟರಿ ತಜ್ಞರು ಈಗಲೂ ಆ ಲೇಖನವನ್ನು ಉಲ್ಲೇಖಿಸುತ್ತಾರೆ.

ಡಿಎನ್‌ಎ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳಿ ಮುಗಿಸುತ್ತೇನೆ. 1951ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ತೇವಾಂಶವನ್ನು ಹತೋಟಿಯಲ್ಲಿಟ್ಟು, ಡಿಎನ್‌ಎಗೆ ಎ ಮತ್ತು ಬಿ ಎಂಬ ಎರಡು ರೂಪಗಳಿವೆ ಎಂದು ಬೇರ್ಪಡಿಸಿದರು. 1952ರ ಮೇ ತಿಂಗಳಲ್ಲಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಜೊತೆ ಡಿಎನ್‌ಎಯ ಎಕ್ಸ್‌ರೇ ಚಿತ್ರ ‘ಫೋಟೋ 51’ ತೆಗೆದರು. ಅದನ್ನು ರೋಸಲಿಂಡ್‌ಗೆ ತಿಳಿಯದಂತೆ ಸಹೋದ್ಯೋಗಿ ಮಾರಿಸ್ ವಿಲ್ಕಿನ್ಸ್ ಅವರು ಜೇಮ್ಸ್ ವಾಟ್ಸನ್ನರಿಗೆ ತೋರಿಸಿದರು. ಡಿಎನ್‌ಎ ರಚನೆಯ ಶೋಧಕ್ಕೆ 1962ರ ನೊಬೆಲ್ ವಾಟ್ಸನ್, ಅವರ ಜೊತೆಗಾರ ಕ್ರಿಕ್, ವಿಲ್ಕಿನ್ಸರಿಗೆ ಬಂತು. ಅಷ್ಟು ಹೊತ್ತಿಗೆ ರೋಸಲಿಂಡ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

1953ರಲ್ಲಿ ಬರ್ಕ್‌ಬೆಕ್ ಕಾಲೇಜಿನಲ್ಲಿ ಜೆ.ಡಿ. ಬರ್ನಾಲ್ ಅವರ ಬಳಿ ಸೇರಿದಾಗ ಅವರು ಕೈಗೆತ್ತಿಕೊಂಡದ್ದು ಹೊಗೆಸೊಪ್ಪಿನ ಮೊಸಾಯಿಕ್ ವೈರಸ್. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ರೈತರಿಗೆ ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆ ಎಬ್ಬಿಸುವ ಈ ನಂಜುರೋಗದ ಕಾಟ ಗೊತ್ತು. ವೈರಸ್ ಕಡ್ಡಿಯಾಕಾರದ್ದು, ಉದ್ದ ಸುಮಾರು 300 ನ್ಯಾನೊಮೀಟರ್. ಪ್ರೋಟೀನ್ ತುಣುಕುಗಳು ಸುರುಳಿಯಾಗಿ ಸುತ್ತಿ ಕಟ್ಟಿದ ಕೊಳವೆ ಅದು. ಆರ್‌ಎನ್‌ಎ ಕೊಳವೆಯ ನಡುವಿನ ಟೊಳ್ಳಿನಲ್ಲಿ ಇಲ್ಲ, ಪ್ರೋಟೀನಿನ ಗೋಡೆಯೊಳಗೇ, ಅಕ್ಷದಿಂದ ಸುಮಾರು 4 ನ್ಯಾನೊಮೀಟರ್ ದೂರದಲ್ಲಿ ಹುದುಗಿದೆ ಎಂದು 1956ರಲ್ಲಿ ಅವರು ತೋರಿಸಿದರು. ಕೋಪಿಷ್ಠೆ, ಯಾರೊಂದಿಗೂ ಹೊಂದಿಕೊಳ್ಳಲಾರರು ಎಂದು ಹೆಸರು ಕೆಡಿಸಲಾಗಿದ್ದ ಇದೇ ರೋಸಲಿಂಡ್ ಇಲ್ಲಿ ಆರನ್ ಕ್ಲುಗ್, ಜಾನ್ ಫಿಂಚ್, ಕೆನೆತ್ ಹೋಮ್ಸ್ ಅವರನ್ನು ಕಟ್ಟಿಕೊಂಡು ಅದ್ಭುತ ತಂಡ ನಡೆಸಿದರು.

1956ರಲ್ಲೇ ಅವರಿಗೆ ಅಂಡಾಶಯದ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆಗಳ ನಡುವೆಯೂ ಪ್ರಬಂಧಗಳು ಒಂದರ ಹಿಂದೆ ಒಂದು ಹೊರಬಂದವು. ಪೋಲಿಯೊ ವೈರಸ್ಸಿನ ಕೆಲಸವನ್ನೂ ಶುರು ಮಾಡಿದರು. 1958ರ ಏಪ್ರಿಲ್ 16ರಂದು, 37ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಂಡ ಮಾಡಿಕೊಟ್ಟ ಮೊಸಾಯಿಕ್ ವೈರಸ್ಸಿನ ಮಾದರಿ ಇದ್ದ ಬ್ರಸೆಲ್ಸ್ ವಿಶ್ವ ಮೇಳ ಮರುದಿನವೇ ಆರಂಭವಾಯಿತು.

ಪೋಲಿಯೊ ವೈರಸ್ಸಿನ ರಚನೆ ಕುರಿತ ಲೇಖನವನ್ನು ಫಿಂಚ್ ಮತ್ತು ಕ್ಲುಗ್ 1959ರಲ್ಲಿ ಪ್ರಕಟಿಸಿ ಅವರ ನೆನಪಿಗೆ ಅರ್ಪಿಸಿದರು. 1982ರಲ್ಲಿ ಕ್ಲುಗ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ದೊಡ್ಡ, ಕಠಿಣ ಪ್ರಶ್ನೆಗಳಿಗೆ ಕೈಹಾಕುವುದನ್ನು ತಮಗೆ ಮಾಡಿ ತೋರಿಸಿದವರು ರೋಸಲಿಂಡ್, ಅವರು ಬದುಕಿದ್ದಿದ್ದರೆ ಇದೇ ಜಾಗದಲ್ಲಿ ತಮಗಿಂತ ಮೊದಲೇ ನಿಂತಿರುತ್ತಿದ್ದರೇನೋ ಎಂದು ಕ್ಲುಗ್ ನೊಬೆಲ್ ಉಪನ್ಯಾಸದಲ್ಲಿ ಹೇಳಿದರು.