ಒಂದೇ ವಹಿ, ನಾಲ್ಕು ಲಿಪಿ

ಸಂತ ಮಾಣಿಕ ಪ್ರಭುಗಳ (1817–1865) ಪದಗಳನ್ನು ಬರೆದಿಟ್ಟುಕೊಳ್ಳಲು ಕೂತವರಿಗೆ ಮೊದಲು ಎದುರಾಗುವುದೇ ಲಿಪಿಯ ಪ್ರಶ್ನೆ. ಪ್ರಭುಗಳು ಕನ್ನಡದಲ್ಲಿ ಹಾಡಿದರು, ಮರಾಠಿಯಲ್ಲಿ ಹಾಡಿದರು, ಹಿಂದಿ–ಉರ್ದುವಿನಲ್ಲೂ ಹಾಡಿದರು. ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ಅವರು ಕಟ್ಟಿದ, ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯಕ್ಕೆ ಇದು ಸಹಜ, ಬೀದರ ಸೀಮೆಗೂ ಸಹಜ. 1956ರವರೆಗೆ ಹೈದರಾಬಾದಿನ ಆಳ್ವಿಕೆಯಲ್ಲಿದ್ದ ಈ ಭಾಗದ ಮನೆಗಳಲ್ಲಿ ಹೊಲದ ಕಾಗದ ಉರ್ದುವಿನಲ್ಲಿ, ಅಜ್ಜನ ಕಾಲದ ಲೆಕ್ಕ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ, ಮಕ್ಕಳ ಪಾಠ ಕನ್ನಡದಲ್ಲಿ ಇರುವುದುಂಟು. ಕಾಗದದ ವಹಿ ಇವನ್ನೆಲ್ಲ ಒಂದೇ ಪುಟದಲ್ಲಿ ಇಟ್ಟುಕೊಂಡಿತ್ತು. ಕಂಪ್ಯೂಟರಿಗೆ ಅದು ಬಹಳ ಕಾಲ ಸಾಧ್ಯವಾಗಲಿಲ್ಲ.

ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಮಾನಕವಾದ ಇಸ್ಕಿ ಸಂಕೇತದಲ್ಲಿ ಕನ್ನಡದ ‘ಕ’ಕ್ಕೂ ದೇವನಾಗರಿಯ ‘ಕ’ಕ್ಕೂ ಒಂದೇ ಸಂಖ್ಯೆ. ಯಾವ ಲಿಪಿ ಎಂಬುದನ್ನು ಬೇರೆಯಾಗಿ ಹೇಳಬೇಕಿತ್ತು. ಬಲದಿಂದ ಎಡಕ್ಕೆ ಓಡುವ ಉರ್ದುವಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಮುಂದೆ 1998ರಲ್ಲಿ ‘ಬರಹ’ ಬಂತು, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಡಿಟಿಪಿ ಅಂಗಡಿಗಳಿಗೆ, ಕಚೇರಿಗಳಿಗೆ ಕನ್ನಡವನ್ನು ತಂದುಕೊಟ್ಟ ಈ ತಂತ್ರಾಂಶಗಳ ಋಣ ದೊಡ್ಡದು. ಆದರೆ ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು.

ದಾರಿ ಮಾಡಿಕೊಟ್ಟದ್ದು ಪ್ರತಿ ಲಿಪಿಯ ಅಕ್ಷರಕ್ಕೂ ಬೇರೆಯದೇ ಸಂಖ್ಯೆ ಕೊಡುವ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನ, ದೇವನಾಗರಿಗೆ ಬೇರೆ 128, ಅರಬ್ಬಿ ಮೂಲದ ಲಿಪಿಗಳಿಗೆ ಅವುಗಳದೇ ಮನೆ. ಕರ್ನಾಟಕ ಸರ್ಕಾರ ಅದನ್ನು ಕನ್ನಡದ ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ಅದೇ ವರ್ಷ ಆಂಡ್ರಾಯ್ಡ್ 4.1 ಕನ್ನಡವನ್ನು ಆಂಡ್ರಾಯ್ಡ್ ಫೋನುಗಳಿಗೆ ತಂದಿತು. ಮೋಡಿಗೆ ಯೂನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು 2014ರಲ್ಲಿ.

ಹಾಗಾಗಿ ಇಂದು ಟಿಪ್ಪಣಿಗೆ ಯಾವ ಆ್ಯಪ್ ಒಳ್ಳೆಯದು ಎಂದು ಇಲ್ಲಿಯವರು ಕೇಳಿದರೆ, ಅಂದಚೆಂದಕ್ಕಿಂತ ಮೊದಲು ಎರಡು ಸಂಗತಿ ನೋಡಿ ಎನ್ನುತ್ತೇನೆ. ಒಂದೇ ಟಿಪ್ಪಣಿಯಲ್ಲಿ ಕನ್ನಡದ ಕೆಳಗೆ ಮರಾಠಿ, ಅದರ ಕೆಳಗೆ ಉರ್ದು ಬರೆದು ನೋಡಿ. ಉರ್ದುವಿನ ಸಾಲು ಬಲಗಡೆಯಿಂದ ಸರಿಯಾಗಿ ಶುರುವಾಗುತ್ತದೆಯೇ? ಎರಡನೆಯದು ಇನ್ನೂ ಮುಖ್ಯ: ಬರೆದದ್ದನ್ನೆಲ್ಲ ಒಮ್ಮೆಗೇ ಹೊರಗೆ ತರಬಹುದೇ? 2013ರಲ್ಲಿ ಬಂದ ಗೂಗಲ್ ಕೀಪ್ ಸಂತೆಯ ಚೀಟಿಗೆ, ಥಟ್ಟನೆ ಹೊಳೆದ ಸಾಲಿಗೆ ಬಹಳ ಅನುಕೂಲ. ತಲೆಮಾರು ದಾಟಬೇಕಾದ ಪದಗಳಿಗೆ ನನ್ನ ಆಯ್ಕೆ ಜಾಪ್ಲಿನ್ ಅಥವಾ ಆಬ್ಸಿಡಿಯನ್. ಆಬ್ಸಿಡಿಯನ್ ಪ್ರತಿ ಟಿಪ್ಪಣಿಯನ್ನೂ ನಮ್ಮದೇ ಯಂತ್ರದಲ್ಲಿ ಸಾದಾ ಪಠ್ಯದ ಕಡತವಾಗಿ ಇಡುತ್ತದೆ, ಜಾಪ್ಲಿನ್ ಕೇಳಿದಾಗ ಹಾಗೆ ಹೊರಗೆ ಕೊಡುತ್ತದೆ. ಲಕ್ಷಾಂತರ ಜನ ನಂಬಿದ್ದ ಎವರ್‌ನೋಟ್ 2023ರ ಕೊನೆಯಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಭಜನೆಯ ಒಂದು ವಹಿಗೂ ಅದು ಸಾಲದು.

ಹುಡುಕಾಟದಲ್ಲಿ ಒಂದು ತೊಡಕಿದೆ. ಕನ್ನಡದಲ್ಲಿ ‘ಮಾಣಿಕ’ ಎಂದು ಹುಡುಕಿದರೆ ದೇವನಾಗರಿಯಲ್ಲಿ ಬರೆದ ಮಾಣಿಕ ಸಿಗುವುದಿಲ್ಲ. ಪದ ಯಾವ ಲಿಪಿಯಲ್ಲೇ ಇರಲಿ, ಶೀರ್ಷಿಕೆಯನ್ನೂ ರಾಗದ ಹೆಸರನ್ನೂ ಕನ್ನಡದಲ್ಲೊಮ್ಮೆ ಬರೆದುಬಿಡಿ. ‘ನುಡಿ’ಯ ಹಳೆಯ ಕಡತಗಳಿದ್ದರೆ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮೂಲದೊಂದಿಗೆ ಸಾಲುಸಾಲಾಗಿ ತಾಳೆ ನೋಡಿ. ಅಲ್ಲಿಯವರೆಗೆ ಕಾಗದದ ವಹಿಯನ್ನು ರದ್ದಿಗೆ ಹಾಕಬೇಡಿ.