ಕಲ್ಲಿನ ಸೊಲ್ಲು

ಕಲ್ಲಿಗೆ ಬಾಯಿಲ್ಲವೆಂದು ನಾವು ಹಗುರವಾಗಿ ಹೇಳಿಬಿಡುತ್ತೇವೆ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರು ಈ ಮಾತನ್ನು ಒಪ್ಪಲಾರರು. ಅಲ್ಲಿಯ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 8,000 ಟನ್ ಬಂಡೆಯ ಭಾರ. ಅದಿರನ್ನು ತೆಗೆದು ಪೊಳ್ಳುಮಾಡಿದಂತೆಲ್ಲ ಆ ಭಾರ ಪಕ್ಕದ ಬಂಡೆಗಳ ಮೇಲೆ ಬೀಳುತ್ತದೆ. ಅವು ತಾಳುವಷ್ಟು ತಾಳಿ ಒಮ್ಮೆಲೇ ಸಿಡಿಯುತ್ತವೆ. ಇದಕ್ಕೆ ರಾಕ್ ಬರ್ಸ್ಟ್ ಎಂದು ಹೆಸರು. ಪಂಡಿತರು ಬೇಕಾದರೆ ಶಿಲಾಸ್ಫೋಟವೆನ್ನಲಿ. ಹೆಸರು ಯಾವುದಾದರೇನು, ಅದು ಎಷ್ಟೋ ಮನೆಗಳ ದೀಪವನ್ನು ಆರಿಸಿತು.

ಸಿಡಿಯುವ ಮುನ್ನ ಬಂಡೆ ಸುಮ್ಮನಿರುವುದಿಲ್ಲ. ಒಣ ಸೌದೆಯನ್ನು ಮಣಿಸಿದಾಗ ಮುರಿಯುವ ಮೊದಲೇ ಲಟಲಟ ಎನ್ನುವುದಷ್ಟೆ? ಹಾಗೆಯೇ ಕಲ್ಲಿನೊಳಗೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಒಂದೊಂದು ಬಿರುಕಿಗೂ ಒಂದು ಸದ್ದು. ಬಹುಪಾಲು ನಮ್ಮ ಕಿವಿಗೆ ಎಟುಕದು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಗಣಿ ಇಲಾಖೆಯ ಓಬರ್ಟ್ ಮತ್ತು ಡುವಾಲ್ ಎಂಬವರು ಗಣಿಯ ಕಲ್ಲುಗಂಬಗಳಲ್ಲಿ ಶಬ್ದದ ವೇಗವನ್ನು ಅಳೆಯಹೊರಟಾಗ ಬೇಡದ ಸದ್ದುಗಳು ಅಡ್ಡಬಂದವು. ವಿಚಾರಿಸಿ ನೋಡಿದರೆ ಅವು ಬಂಡೆಯ ಸ್ವಂತ ಸದ್ದುಗಳೇ ಆಗಿದ್ದವು!

ಕೋಲಾರದಲ್ಲಿಯೂ 1970ರ ದಶಕದ ಕೊನೆಯ ವೇಳೆಗೆ ನೆಲದ ಮೇಲೂ ಸುರಂಗಗಳಲ್ಲೂ ಇಂಥ ಕಂಪನಗಳನ್ನು ಕೇಳುವ ಉಪಕರಣಗಳನ್ನು ಇರಿಸಿದರು. ಒಂದೇ ಸದ್ದು ಹತ್ತಿರದ ಉಪಕರಣಕ್ಕೆ ಮೊದಲು, ದೂರದ್ದಕ್ಕೆ ತಡವಾಗಿ ಮುಟ್ಟುತ್ತದೆ. ಆ ಅಂತರದ ಲೆಕ್ಕದಿಂದ ಬಂಡೆ ಎಲ್ಲಿ ನರಳುತ್ತಿದೆಯೆಂದು ತಿಳಿಯಬಹುದು. ಯಾವ ಗಳಿಗೆಯಲ್ಲಿ ಸಿಡಿದೀತೆಂಬುದನ್ನು ಮಾತ್ರ ಖಚಿತವಾಗಿ ಹೇಳಲಾಗದು. ಗಣಿಗಳನ್ನು 2001ರಲ್ಲಿ ಮುಚ್ಚಿದರು; ನೀರು ತುಂಬಿದ ಆ ಪೊಳ್ಳುಗಳಲ್ಲಿ ಬಂಡೆ ಆಮೇಲೂ ಸಿಡಿದದ್ದುಂಟು.

ಕಲ್ಲಿಗೆ ಇನ್ನೊಂದು ಭಾಷೆಯೂ ಇದೆ. ಅದು ರೇಡಿಯೋ ಇರುವ ಮನೆಯವರಿಗೆ ಬೇಗ ತಿಳಿದೀತು. ಬೆಣಚುಕಲ್ಲನ್ನು ಒತ್ತಿದರೆ ಅದರ ಮೈಮೇಲೆ ವಿದ್ಯುತ್ತು ಕಾಣಿಸಿಕೊಳ್ಳುತ್ತದೆ. ಹರಳುಗಳ ಈ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ರೇಡಿಯೋ ನಿಲಯಗಳು ತಮ್ಮ ಅಲೆಯ ಅಳತೆ ತಪ್ಪದಂತೆ ಕಾಯಲು ಬಳಸಿದ್ದು ಇದೇ ಜಾತಿಯ ಹರಳನ್ನು. ಗ್ರಾನೈಟಿನಲ್ಲಿ ಬೆಣಚು ಧಾರಾಳ. ಪ್ರಯೋಗಶಾಲೆಯಲ್ಲಿ ಅದನ್ನು ಅದುಮಿ ಒಡೆದಾಗ ರೇಡಿಯೋ ಅಲೆಗಳು ಹೊಮ್ಮಿದ್ದನ್ನು ಅಳೆದಿದ್ದಾರೆ.

ಹಾಗಾದರೆ ಭೂಕಂಪವನ್ನೂ ಮುಂಚೆಯೇ ಕೇಳಬಹುದೆ? 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾದಲ್ಲಿ ನೆಲ ನಡುಗುವುದಕ್ಕೆ ಸುಮಾರು 3 ಗಂಟೆ ಮೊದಲು, 7 ಕಿಲೋಮೀಟರ್ ದೂರದ ಉಪಕರಣವೊಂದು ಬಹು ನಿಧಾನದ ಕಾಂತೀಯ ಏರಿಳಿತಗಳನ್ನು ಜೋರಾಗಿ ದಾಖಲಿಸಿತ್ತು. ಅಂದು 63 ಮಂದಿ ಸತ್ತರು. 3 ಗಂಟೆಯ ಮುನ್ಸೂಚನೆ ದೊರೆತಿದ್ದರೆ ಎಂಬ ಆಸೆ ಸಹಜವೇ. 2009ರಲ್ಲಿ ದಾಖಲೆಯನ್ನು ಮರುಪರಿಶೀಲಿಸಿದವರು, ಅದು ಉಪಕರಣದ್ದೇ ದೋಷವಿರಬೇಕೆಂದರು. ಗಣಿಯಲ್ಲಿ ಉಪಕರಣ ಬಂಡೆಯ ಮಗ್ಗುಲಲ್ಲೇ ಇರುತ್ತದೆ. ಆ ಭೂಕಂಪ ಹುಟ್ಟಿದ್ದೋ ಸುಮಾರು 18 ಕಿಲೋಮೀಟರ್ ಆಳದಲ್ಲಿ. ಅಲ್ಲಿ ರೇಡಿಯೋ ಅಲೆ ಎದ್ದರೂ ನಡುವಿನ ತೇವದ ನೆಲ ಅದನ್ನು ಹೀರಿಬಿಡುತ್ತದೆ.