ಅವರೆ ಬೇರಿನ ಕೆಂಪು ಗಂಟು

ಮಾಗಡಿ ಅವರೆಕಾಯಿಯ ಸೊಗಡು ಗೊತ್ತು.
ಅದರ ಬೇರು ಯಾವತ್ತಾದರೂ ನೋಡಿದ್ದೀರಾ?

ಹೂ ಬಿಡೋ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು ತೆಗೀರಿ.
ಜಗ್ಗಬೇಡಿ, ಗಂಟುಗಳು ಮಣ್ಣಲ್ಲೇ ಉದುರಿಬಿಡ್ತವೆ.

ಹೌದು, ಗಂಟು.
ರೋಗ ಅಲ್ಲ!
ಒಳಗಿರೋದು ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ.
ಗಿಡಕ್ಕೆ ಅದನ್ನ ನೇರವಾಗಿ ತಿನ್ನೋಕೆ ಬರಲ್ಲ.
ಮನೆ ತುಂಬ ರಾಗಿ ಇದೆ,
ಬೀಸೋ ಕಲ್ಲಿಲ್ಲ. ಹಂಗೆ.

ಈ ಗಂಟೇ ಬೀಸೋ ಕಲ್ಲು.
ಗಿಡ ಸಕ್ಕರೆ ಕೊಡುತ್ತೆ,
ಬ್ಯಾಕ್ಟೀರಿಯಾ ಸಾರಜನಕ ಬೀಸಿಕೊಡುತ್ತೆ.

ಈಗ ಉಗುರಲ್ಲಿ ಒಂದು ಗಂಟು ಸೀಳಿ.
ಒಳಗೆ ಕೆಂಪಗಿದೆಯಾ?
ಕೆಲಸ ನಡೀತಿದೆ ಅಂತ ಅರ್ಥ.
ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟ!
ನನಗಂತೂ ಇವತ್ತಿಗೂ ಮೈ ಜುಮ್ಮನ್ನುತ್ತೆ.
ಹಸಿರೋ ಕಂದೋ ಆಗಿದ್ದರೆ, ಆ ಗಂಟಿನ ಕೆಲಸ ಮುಗೀತು.

ರಾಗಿ ಹೊಲದ ನಡುನಡುವೆ ಅವರೆಯ ಅಕ್ಕಡಿ ಸಾಲು ಇಡ್ತಿದ್ದ ಅಜ್ಜಂದಿರು
ಸೂಕ್ಷ್ಮದರ್ಶಕ ಕಂಡವರಲ್ಲ.
ಹೊಲ ಕಂಡವರು.

ನೀವು ಅವರೆ ಬಿತ್ತೋದಾದರೆ,
ರೈಜೋಬಿಯಂ ಪುಡೀನ ಆರಿದ ಬೆಲ್ಲದ ನೀರಲ್ಲಿ ಕಲಸಿ
ಬೀಜಕ್ಕೆ ಸವರಿ.
ನೆರಳಲ್ಲೇ ಒಣಗಿಸಿ.
ಬಿಸಿಲಿಗೆ ಹಾಕಿದರೆ ಪಾಪ, ಬ್ಯಾಕ್ಟೀರಿಯಾ ಸತ್ತೇ ಹೋಗ್ತವೆ.